ಹೊಸ ಗ್ರಾಫಿಕ್ಸ್ ಕಾರ್ಡ್ ತೆಗೆಯುವ ಮೊದಲು: ಗೇಮ್ ಎಲ್ಲಿ ಸಿಕ್ಕಿಹಾಕಿಕೊಂಡಿದೆ?

ಕಳೆದ ಮೇ ತಿಂಗಳಲ್ಲಿ ಉಡುಪಿ ಹತ್ತಿರದ ಕಟಪಾಡಿಯಿಂದ ಅಕ್ಕನ ಮಗನ ಫೋನ್ ಬಂತು. "ಮಾಮ, ಗೇಮ್ ತುಂಬ ಸ್ಟಕ್ ಆಗ್ತಾ ಉಂಟು. ಕಾರ್ಡ್ ಸಾಲುದಿಲ್ಲ ಅಂತ ಕಾಣ್ತದೆ. ಹೊಸದು ತೆಗೆಯುದಾ?"

ಅವನ ಪಿಸಿ ನನಗೆ ಗೊತ್ತಿತ್ತು. ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಕಾರ್ಡ್, 16 ಜಿಬಿ ರ‍್ಯಾಮ್, 144 ಹರ್ಟ್ಸ್ ಮಾನಿಟರ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು). ಸಾಧಾರಣ 1080ಪಿ ಆಟಕ್ಕೆ ಇದು ಸಾಕಾಗುವ ಸೆಟ್. ಹಾಗಾಗಿ ಕಾರ್ಡಿನ ಮಾತು ನನಗೆ ಒಪ್ಪಿಗೆಯಾಗಲಿಲ್ಲ. "ಭಾನುವಾರ ಬರ್ತೇನೆ, ಅಲ್ಲಿವರೆಗೆ ಒಂದು ರೂಪಾಯಿ ಖರ್ಚು ಮಾಡಬೇಡ" ಅಂದೆ.

ಹೀಗೆ ಕೇಳುವವರು ತುಂಬ ಜನ ಇದ್ದಾರೆ. ಗೇಮ್ ನಿಧಾನ ಆದ ಕೂಡಲೇ ಒಂದೋ ಕಾರ್ಡ್ ಬದಲಿಸುವ ಯೋಚನೆ, ಇಲ್ಲವೇ ಯಾವುದೋ ವಿಡಿಯೋ ನೋಡಿ 25 ಸೆಟ್ಟಿಂಗ್ ಒಟ್ಟಿಗೆ ಬದಲಿಸುವುದು. ಎರಡೂ ಬೇಡ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಒಂದು ಫ್ರೇಮ್, ಅಂದರೆ ಆಟದ ಒಂದು ಚಿತ್ರ, ತಯಾರಾಗಿ ಪರದೆಗೆ ಬರುವ ದಾರಿಯಲ್ಲಿ ಎಲ್ಲಿ ಕಾಯುತ್ತಾ ಇದೆ? ಆ ಜಾಗ ಸಿಕ್ಕಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

"ಲ್ಯಾಗ್" ಅಂದರೆ ಯಾವುದು?

ನಮ್ಮಲ್ಲಿ ಎಲ್ಲ ತೊಂದರೆಗೂ ಒಂದೇ ಹೆಸರು, ಲ್ಯಾಗ್. ಆದರೆ ಅದರೊಳಗೆ ಮೂರು ಬೇರೆ ಬೇರೆ ಕಾಯಿಲೆ ಇವೆ.

ಒಂದು, ಇಂಟರ್‌ನೆಟ್ಟಿನದ್ದು. ವ್ಯಾಲರಂಟ್ ಆಡುವಾಗ ನೀವು ಮೊದಲೇ ಗುಂಡು ಹೊಡೆದಿರುತ್ತೀರಿ, ಆದರೂ ಸಾಯುವುದು ನೀವು. ಎದುರಿನವನು ಇಲ್ಲಿದ್ದವನು ತಟಕ್ಕನೆ ಅಲ್ಲಿ ಕಾಣುತ್ತಾನೆ. ಆದರೆ ನಿಮ್ಮ ಮೌಸ್ ತಿರುಗಿಸಿದಾಗ ಪರದೆ ಮಾತ್ರ ನಯವಾಗಿಯೇ ತಿರುಗುತ್ತದೆ. ಇದು ಪಿಂಗ್ ಸಮಸ್ಯೆ. ನಿಮ್ಮ ಮನೆಯಿಂದ ಮುಂಬೈ ಸರ್ವರ್‌ಗೆ ಹೋಗಿ ಬರುವ ದಾರಿಯ ಸಮಸ್ಯೆ. ಇದಕ್ಕೆ ಎಷ್ಟು ದೊಡ್ಡ ಕಾರ್ಡ್ ಹಾಕಿದರೂ ಪ್ರಯೋಜನ ಇಲ್ಲ. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ ನೋಡಿ, ಆಮೇಲೆ ಮುಂದಿನ ಮಾತು.

ಎರಡು, ನಿಜವಾಗಿ ಎಫ್‌ಪಿಎಸ್ ಕಡಿಮೆ ಇರುವುದು. ಎಫ್‌ಪಿಎಸ್ ಅಂದರೆ ಒಂದು ಸೆಕೆಂಡಿನಲ್ಲಿ ತಯಾರಾಗುವ ಚಿತ್ರಗಳ ಸಂಖ್ಯೆ. 60 ಎಫ್‌ಪಿಎಸ್ ಬೇಕೆಂದರೆ ಒಂದೊಂದು ಚಿತ್ರಕ್ಕೂ 16.7 ಮಿಲಿಸೆಕೆಂಡ್ ಸಮಯ. 144 ಬೇಕೆಂದರೆ 6.9 ಮಿಲಿಸೆಕೆಂಡಿನೊಳಗೆ ಮುಗಿಸಬೇಕು.

ಮೂರನೆಯದ್ದು ಸ್ಟಟರ್. ಜನರನ್ನು ಜಾಸ್ತಿ ಗೊಂದಲಕ್ಕೆ ಬೀಳಿಸುವುದು ಇದೇ. ಮೂಲೆಯಲ್ಲಿ 60 ಎಂದು ತೋರಿಸುತ್ತಿರುತ್ತದೆ, ಆದರೆ ಆಟ ಎಡವಿ ಎಡವಿ ನಡೆಯುತ್ತದೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಸುರತ್ಕಲ್ ಬಸ್ಸಿಗೆ ಕಾದು ನಿಂತವರಿಗೆ ಇದು ಬೇಗ ಅರ್ಥವಾಗುತ್ತದೆ. ಗಂಟೆಗೆ 12 ಬಸ್ಸು ಅಂತಿಟ್ಟುಕೊಳ್ಳಿ. ಐದೈದು ನಿಮಿಷಕ್ಕೆ ಒಂದು ಬಂದರೆ ಯಾರೂ ಗೊಣಗುವುದಿಲ್ಲ. ಅದೇ 12 ಬಸ್ಸು ನಾಲ್ಕು ನಾಲ್ಕು ಸಾಲಾಗಿ ಬಂದು, ಆಮೇಲೆ 20 ನಿಮಿಷ ಒಂದೂ ಇಲ್ಲದಿದ್ದರೆ? ಗಂಟೆಯ ಲೆಕ್ಕ ಅದೇ, ಬಿಸಿಲಲ್ಲಿ ನಿಂತವರ ಪಾಡು ಮಾತ್ರ ಬೇರೆ. ಎಫ್‌ಪಿಎಸ್ ಅನ್ನುವುದು ಗಂಟೆಯ ಲೆಕ್ಕ. ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವಿನ ಸಮಯಕ್ಕೆ ಫ್ರೇಮ್ ಟೈಮ್ ಅನ್ನುತ್ತಾರೆ. ನಮ್ಮ ಕಣ್ಣು ಹಿಡಿಯುವುದು ಇದನ್ನೇ.

ಹಾಗಾಗಿ ಸರಾಸರಿ ಮಾತ್ರ ನೋಡಬೇಡಿ. "1 ಪರ್ಸೆಂಟ್ ಲೋ" ಎಂಬ ಇನ್ನೊಂದು ಲೆಕ್ಕ ಇದೆ. ಅತಿ ನಿಧಾನವಾಗಿ ಬಂದ ಶೇ. 1ರಷ್ಟು ಫ್ರೇಮ್‌ಗಳ ವೇಗ ಅದು. ಸರಾಸರಿ 61, 1 ಪರ್ಸೆಂಟ್ ಲೋ 24 ಇದ್ದರೆ, ನಡುನಡುವೆ ಒಂದೊಂದು ಫ್ರೇಮ್ 40 ಮಿಲಿಸೆಕೆಂಡ್ ದಾಟುತ್ತಿದೆ ಎಂದರ್ಥ. ಕಟಪಾಡಿಯ ಪಿಸಿಯಲ್ಲಿ ನಾನು ಅಳೆದಾಗ ಸಿಕ್ಕಿದ್ದು ಇದೇ ಸಂಖ್ಯೆ.

ಅಳೆಯುವುದು

ಇದಕ್ಕೆ ದುಡ್ಡು ಬೇಡ. ಎಂಎಸ್‌ಐ ಆಫ್ಟರ್‌ಬರ್ನರ್ ಉಚಿತ, ಯಾವ ಕಂಪನಿಯ ಕಾರ್ಡಿಗೂ ನಡೆಯುತ್ತದೆ. ಅದರ ಜೊತೆಗೇ ರಿವಾಟ್ಯೂನರ್ ಬರುತ್ತದೆ. ಇವೆರಡು ಸೇರಿ ಆಟದ ಮೇಲೆಯೇ ಸಂಖ್ಯೆಗಳನ್ನು ತೋರಿಸುತ್ತವೆ. ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ ಎಷ್ಟು, ಅದರ ಬಿಸಿ ಎಷ್ಟು, ವಿರ‍್ಯಾಮ್ (ಕಾರ್ಡಿನ ಒಳಗಿನ ಮೆಮೊರಿ) ಎಷ್ಟು ತುಂಬಿದೆ, ಸಿಪಿಯು (ಪ್ರೊಸೆಸರ್) ಬಿಸಿ ಮತ್ತು ಕ್ಲಾಕ್ (ಅದರ ವೇಗ) ಎಷ್ಟು, ಫ್ರೇಮ್ ಟೈಮ್ ಗೆರೆ ಹೇಗಿದೆ. ಇಷ್ಟು ಹಾಕಿಕೊಳ್ಳಿ, ಸಾಕು. ಫ್ರೇಮ್ ಟೈಮನ್ನು ಸಂಖ್ಯೆಯಾಗಿ ಅಲ್ಲ, ಗ್ರಾಫ್ ಆಗಿ ಹಾಕಿ. ಗೆರೆ ನೇರ ಹೋದರೆ ಆಟ ನಯ. ಆಗಾಗ ತೆಂಗಿನ ಮರದ ಹಾಗೆ ಉದ್ದಕ್ಕೆ ಎದ್ದರೆ ಅದೇ ಸ್ಟಟರ್.

ಅಳೆಯುವಾಗ ಒಂದೇ ಗೇಮ್, ಒಂದೇ ಜಾಗ, ಒಂದೇ ದಾರಿ. ಮೂರು ಸಲ ಓಡಿಸಿ. ಅದನ್ನು ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಒಂದೇ ಒಂದು ವಿಷಯ ಬದಲಿಸಿ ಮತ್ತೆ ಅಳೆಯಿರಿ. ಐದು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಅಂತ ಗೊತ್ತೇ ಆಗುವುದಿಲ್ಲ.

ಕೂಳೂರು ಸೇತುವೆ ಎಲ್ಲಿದೆ?

ಒಂದು ಫ್ರೇಮ್ ತಯಾರಾಗಲು ಇಬ್ಬರು ದುಡಿಯುತ್ತಾರೆ. ಸಿಪಿಯು ಆಟದ ಲೆಕ್ಕ ನೋಡಿಕೊಳ್ಳುತ್ತದೆ. ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿ ತಾಗಿತು, ಯಾವ ಬಾಗಿಲು ತೆರೆಯಿತು ಎಂದು ಲೆಕ್ಕ ಹಾಕಿ "ಇದನ್ನೆಲ್ಲ ಬಿಡಿಸು" ಎಂದು ಜಿಪಿಯುಗೆ ಹೇಳುತ್ತದೆ. ಜಿಪಿಯು ಬಿಡಿಸುತ್ತದೆ. ಇಬ್ಬರಲ್ಲಿ ಯಾರು ನಿಧಾನವೋ ಅವರ ವೇಗವೇ ಆಟದ ವೇಗ.

ಅದೇ ಸುರತ್ಕಲ್ ಬಸ್ಸಿನಲ್ಲಿ ಹೋಗೋಣ. ಕೊಟ್ಟಾರ ಚೌಕಿಯವರೆಗೆ ಬೇಗ ಬಂದರೂ ಕೂಳೂರು ಸೇತುವೆಯಲ್ಲಿ ಜಾಮ್ ಇದ್ದರೆ ಅಲ್ಲಿ ನಿಲ್ಲಲೇಬೇಕು. ಆಗ ಪಣಂಬೂರಿನಲ್ಲಿ ರಸ್ತೆ ಅಗಲ ಮಾಡಿ ಏನು ಲಾಭ? ಕಾರ್ಡ್ ಬದಲಿಸುವ ಮೊದಲು ನಮ್ಮ ಪಿಸಿಯ ಕೂಳೂರು ಯಾವುದು ಎಂದು ನೋಡಬೇಕು.

ಜಿಪಿಯು ಬಳಕೆ ಶೇ. 95ರಿಂದ 99ರ ಆಸುಪಾಸು ಇದ್ದರೆ ಕಾರ್ಡ್ ಪೂರ್ತಿ ದುಡಿಯುತ್ತಿದೆ, ಅದೇ ತಡೆ. ಇದು ಆರೋಗ್ಯದ ಲಕ್ಷಣ, ಹೆದರಬೇಕಿಲ್ಲ. ಎಫ್‌ಪಿಎಸ್ ಕಡಿಮೆ ಇದ್ದೂ ಜಿಪಿಯು ಬಳಕೆ 50, 60 ಅಂತ ತೋರಿಸಿದರೆ ಕಾರ್ಡ್ ಸುಮ್ನೆ ಕೂತಿದೆ, ಬೇರೆ ಯಾರಿಗೋ ಕಾಯುತ್ತಿದೆ.

ಇಲ್ಲಿ ಒಂದು ಮೋಸ ಹೋಗುವ ಜಾಗ ಇದೆ. "ಸಿಪಿಯು ಬಳಕೆ ಶೇ. 30 ಮಾತ್ರ ಉಂಟಲ್ಲ, ಸಿಪಿಯು ಹೇಗೆ ತಡೆ ಆಗ್ತದೆ?" ಅಂತ ಸೋದರಳಿಯ ಕೇಳಿದ. ಒಳ್ಳೆಯ ಪ್ರಶ್ನೆ. ರೈಜನ್ 5 5600ರಲ್ಲಿ 6 ಕೋರ್, 12 ಥ್ರೆಡ್ (ಒಟ್ಟಿಗೆ ನಡೆಯಬಲ್ಲ ಕೆಲಸದ ಸಾಲು) ಇವೆ. ಒಂದು ಥ್ರೆಡ್ ಉಸಿರು ಕಟ್ಟಿ ದುಡಿದರೂ ಒಟ್ಟು ಲೆಕ್ಕದಲ್ಲಿ ಅದು ಶೇ. 8 ಮಾತ್ರ. ಹೆಚ್ಚಿನ ಗೇಮ್‌ಗಳಲ್ಲಿ ಮುಖ್ಯ ಕೆಲಸವೆಲ್ಲ ಒಂದೆರಡು ಥ್ರೆಡ್‌ಗಳ ತಲೆಯ ಮೇಲೆಯೇ ಬೀಳುತ್ತದೆ. ಉಳಿದವು ಖಾಲಿ ಇರುವುದರಿಂದ ಒಟ್ಟು ಸಂಖ್ಯೆ ಸಣ್ಣದಾಗಿ ಕಾಣುತ್ತದೆ. ಹಾಗಾಗಿ ಸಿಪಿಯು ಬಳಕೆ ನೋಡಿ ತೀರ್ಪು ಕೊಡಬೇಡಿ, ಜಿಪಿಯು ಬಳಕೆ ನೋಡಿ ಕೊಡಿ.

ಅನುಮಾನ ಉಳಿದರೆ ಸುಲಭ ಪರೀಕ್ಷೆ ಇದೆ. ರೆಸಲ್ಯೂಷನನ್ನು (ಚಿತ್ರದಲ್ಲಿರುವ ಚುಕ್ಕೆಗಳ ಲೆಕ್ಕ) 1080ರಿಂದ 720ಕ್ಕೆ ಇಳಿಸಿ. ಎಫ್‌ಪಿಎಸ್ ಒಮ್ಮೆಲೇ ಏರಿದರೆ ತಡೆ ಕಾರ್ಡಿನದ್ದು. ಇದ್ದಲ್ಲೇ ಇದ್ದರೆ ತಡೆ ಸಿಪಿಯು, ರ‍್ಯಾಮ್ ಕಡೆಗೆ. ಕಟಪಾಡಿಯಲ್ಲಿ 61 ಇದ್ದದ್ದು 63 ಆಯಿತು, ಅಷ್ಟೇ. ಜಿಪಿಯು ಬಳಕೆ 58ರಿಂದ 35ಕ್ಕೆ ಇಳಿಯಿತು. ಹೊಸ ಕಾರ್ಡಿನ ಮಾತು ಅಲ್ಲಿಗೆ ಮುಗಿಯಿತು.

ಎಫ್‌ಪಿಎಸ್ ಸರಿಯಾಗಿ 30ಕ್ಕೋ 60ಕ್ಕೋ ಅಂಟಿಕೊಂಡು ಅಲ್ಲಾಡದೆ ನಿಂತಿದ್ದರೆ ಅದು ಶಕ್ತಿಯ ಕೊರತೆ ಅಲ್ಲ, ಎಲ್ಲೋ ಒಂದು ಮಿತಿ ಹಾಕಿದೆ. ವಿ-ಸಿಂಕ್ (ಆಟದ ವೇಗವನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್), ಗೇಮಿನೊಳಗಿನ ಫ್ರೇಮ್ ಲಿಮಿಟ್, ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್‌ನ ಲಿಮಿಟ್, ಈ ಮೂರನ್ನೂ ನೋಡಿ.

ನೋಡದೇ ಬಿಟ್ಟುಹೋಗುವ ಸಣ್ಣ ವಿಷಯಗಳು

ಮಾನಿಟರ್ 144 ಹರ್ಟ್ಸ್ ಇದ್ದರೂ ವಿಂಡೋಸ್ ಅದನ್ನು 60ರಲ್ಲೇ ಓಡಿಸುತ್ತಿರಬಹುದು. ಡಿಸ್‌ಪ್ಲೇ ಸೆಟ್ಟಿಂಗ್ಸ್ ಒಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ನೋಡಿ. ಸೋದರಳಿಯನದ್ದು 60ರಲ್ಲೇ ಇತ್ತು. ತಂದ ದಿನದಿಂದ ಹಾಗೆಯೇ. 144 ಮಾಡಿ ಮೌಸ್ ಅಲ್ಲಾಡಿಸಿದಾಗ ಅವನ ಮುಖ ನೋಡಬೇಕಿತ್ತು.

ಮಾನಿಟರ್ ಕೇಬಲ್ ಎಲ್ಲಿ ಸಿಕ್ಕಿಸಿದ್ದೀರಿ ಅಂತಲೂ ನೋಡಿ. ಅದು ಮದರ್‌ಬೋರ್ಡಿನ ಪೋರ್ಟಿನಲ್ಲಿ ಅಲ್ಲ, ಅದರ ಕೆಳಗೆ ಅಡ್ಡಕ್ಕೆ ಇರುವ ಗ್ರಾಫಿಕ್ಸ್ ಕಾರ್ಡಿನ ಪೋರ್ಟಿನಲ್ಲಿರಬೇಕು.

ಇನ್ನು ರ‍್ಯಾಮ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ದುಡ್ಡಿಲ್ಲದೆ ಇಷ್ಟು ಲಾಭ ಬೇರೆಲ್ಲೂ ಸಿಗುವುದಿಲ್ಲ. ಸೋದರಳಿಯ ಮೊದಲು 8 ಜಿಬಿಯ ಒಂದು ಸ್ಟಿಕ್ ತಂದಿದ್ದ. ಆಮೇಲೆ ಅಂಥದ್ದೇ ಇನ್ನೊಂದು ತಂದು ಅದರ ಪಕ್ಕದ ಸ್ಲಾಟಿನಲ್ಲಿ ಹಾಕಿದ್ದ. ಯಾರಿಗೂ ಹಾಗೆಯೇ ತೋಚುತ್ತದೆ. ಆದರೆ ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಪಕ್ಕಪಕ್ಕದ ಎರಡು ಸ್ಲಾಟ್ ಒಂದೇ ಚಾನೆಲ್‌ನವು. ಎರಡು ಸ್ಟಿಕ್ಕೂ ಒಂದೇ ದಾರಿಯಲ್ಲಿ ಓಡಾಡಿದವು, ಇನ್ನೊಂದು ದಾರಿ ಖಾಲಿ ಬಿದ್ದಿತ್ತು. ಸಾಮಾನ್ಯವಾಗಿ ಸಿಪಿಯು ಕಡೆಯಿಂದ ಎಣಿಸಿದರೆ 2 ಮತ್ತು 4ನೇ ಸ್ಲಾಟಿನಲ್ಲಿ ಹಾಕಬೇಕು. ನಿಮ್ಮ ಬೋರ್ಡಿನ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತದೆ.

ರ‍್ಯಾಮಿನ ವೇಗವೂ ಅಷ್ಟೇ. ಡಬ್ಬಿಯ ಮೇಲೆ 3200 ಎಂದು ಬರೆದಿರುತ್ತದೆ. ಆದರೆ ಪಿಸಿ ಶುರುವಾಗುವಾಗ ತೆರೆಯುವ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಡಬ್ಬಿಯ ಮೇಲಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡದಿದ್ದರೆ ಅದು 2133ರಲ್ಲೋ 2400ರಲ್ಲೋ ಓಡುತ್ತದೆ. ಹೊಸ ಎಎಂಡಿ ಬೋರ್ಡುಗಳಲ್ಲಿ ಇದಕ್ಕೆ ಎಕ್ಸ್‌ಪೋ ಎಂದು ಹೆಸರು. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಒತ್ತಿದರೆ ಈಗಿನ ವೇಗ ಕಾಣುತ್ತದೆ. ಅವನದ್ದು 2400. ಸಿಪಿಯು ಲೆಕ್ಕ ಹಾಕಲು ತಯಾರಿದೆ, ಆದರೆ ಲೆಕ್ಕಕ್ಕೆ ಬೇಕಾದ ಮಾಹಿತಿ ಒಂದೇ ದಾರಿಯಲ್ಲಿ, ಅದೂ ನಿಧಾನವಾಗಿ ಬರುತ್ತಿದೆ. 1 ಪರ್ಸೆಂಟ್ ಲೋ 24ಕ್ಕೆ ಬೀಳಲು ಇದೊಂದು ದೊಡ್ಡ ಕಾರಣ.

ಕರಾವಳಿಯ ಬಿಸಿ, ಕರಾವಳಿಯ ಧೂಳು

ಎರಡನೆಯ ಕಾರಣ ಸೈಡ್ ಪ್ಯಾನೆಲ್ ತೆಗೆದಾಗ ಕಂಡಿತು. ಮುಂದಿನ ಫ್ಯಾನಿನ ಜಾಲರಿ ಮೇಲೆ ಕಂಬಳಿ ಹೊದಿಸಿದ ಹಾಗೆ ಧೂಳು. ಸಿಪಿಯು ಕೂಲರ್‌ನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಬೂದು ಬಣ್ಣದ ಮೆತ್ತನೆಯ ಪದರ. ಊದಿದರೆ ಹಾರುವಂಥ ಒಣ ಧೂಳಲ್ಲ ಅದು. ಬೆರಳಲ್ಲಿ ಎಳೆದರೆ ಬತ್ತಿಯ ಹಾಗೆ ಎದ್ದು ಬಂತು. ಸಮುದ್ರದಿಂದ ಒಂದೆರಡು ಕಿಲೋಮೀಟರ್ ದೂರದ ಮನೆ. ಕಿಟಕಿ ಯಾವಾಗಲೂ ತೆರೆದೇ ಇರುತ್ತದೆ. ಗಾಳಿಯ ತೇವ ಧೂಳನ್ನು ಒಂದಕ್ಕೊಂದು ಅಂಟಿಸುತ್ತದೆ, ಅಡುಗೆಮನೆಯ ಎಣ್ಣೆ ಜಿಡ್ಡು ಸೇರಿದರೆ ಇನ್ನೂ ಗಟ್ಟಿ.

ಸೆಕೆಗೆ ಪಿಸಿ ನಿಧಾನ ಆಗುತ್ತದೆ ಅನ್ನುವುದು ನಿಜವೇ? ನಿಜ. ಆದರೆ ಅದರಲ್ಲಿ ತೇವದ ಪಾಲು ಕಡಿಮೆ. ನಮಗೆ ಬೆವರು ಆರದೆ ಸೆಕೆ ಅನ್ನಿಸುತ್ತದೆ, ಪಿಸಿಗೆ ಬೆವರಿಲ್ಲ. ಅದಕ್ಕೆ ಲೆಕ್ಕ ಕೋಣೆಯ ಬಿಸಿಯದ್ದು. ಫ್ಯಾನ್ ಎಷ್ಟು ತಿರುಗಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. 26 ಡಿಗ್ರಿಯ ಕೋಣೆಯಲ್ಲಿ 78ಕ್ಕೆ ನಿಲ್ಲುವ ಸಿಪಿಯು, 34 ಡಿಗ್ರಿಯ ಕೋಣೆಯಲ್ಲಿ ಹೆಚ್ಚುಕಡಿಮೆ 86 ಮುಟ್ಟುತ್ತದೆ. ಅದರ ಮೇಲೆ ಧೂಳು. ಹೆಚ್ಚಿನ ಸಿಪಿಯುಗಳ ಮಿತಿ 90ರಿಂದ 100 ಡಿಗ್ರಿ ನಡುವೆ ಇರುತ್ತದೆ. ಮಿತಿ ಮುಟ್ಟಿದ ಕೂಡಲೇ ಸುಟ್ಟುಹೋಗದಿರಲೆಂದು ಅದೇ ತನ್ನ ವೇಗ ಇಳಿಸಿಕೊಳ್ಳುತ್ತದೆ. ಇದನ್ನೇ ಥರ್ಮಲ್ ಥ್ರಾಟ್ಲಿಂಗ್ ಅನ್ನುವುದು. ಇದರ ಗುರುತು ಸುಲಭ. ಆಟ ಶುರುವಾದಾಗ ಚೆನ್ನಾಗಿರುತ್ತದೆ, ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಕೆಡುತ್ತದೆ. ಆಫ್ಟರ್‌ಬರ್ನರ್‌ನಲ್ಲಿ ಬಿಸಿ 90 ದಾಟುವಾಗಲೇ ಕ್ಲಾಕ್ ಇಳಿಯುವುದು ಕಾಣುತ್ತದೆ.

ಕ್ಲೀನ್ ಮಾಡುವಾಗ ಪ್ಲಗ್ ತೆಗೆಯಿರಿ. ಮೆತ್ತನೆಯ ಪೇಂಟ್ ಬ್ರಷ್ ಮತ್ತು ಬ್ಲೋವರ್ ಸಾಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಗಾಳಿಯ ರಭಸಕ್ಕೆ ಅದು ಸಿಕ್ಕಾಪಟ್ಟೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ರ‍್ಯಾಮ್ ಸ್ಟಿಕ್ಕಿನ ಚಿನ್ನದ ಬಣ್ಣದ ಅಂಚು ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಉಪ್ಪುಗಾಳಿಯ ಊರಲ್ಲಿ ಈ ಕೆಲಸ ವರ್ಷಕ್ಕೊಮ್ಮೆಯಾದರೂ ಬೇಕು.

ಕೂಲರ್ ಬಿಚ್ಚಿ ಹೊಸ ಥರ್ಮಲ್ ಪೇಸ್ಟ್ (ಪ್ರೊಸೆಸರ್ ಬಿಸಿಯನ್ನು ಕೂಲರಿಗೆ ದಾಟಿಸುವಂಥದ್ದು) ಹಾಕುವವರಿಗೆ, ಅದರಲ್ಲೂ ರೈಜನ್ 5000ದವರೆಗಿನ ಎಎಂ4 (ಎಎಂಡಿಯ ಹಳೆಯ ಸಾಕೆಟ್) ಪ್ರೊಸೆಸರ್ ಇರುವವರಿಗೆ, ಒಂದು ಎಚ್ಚರಿಕೆ. ಹಳೆಯ ಪೇಸ್ಟ್ ಒಣಗಿ ಅಂಟಿನ ಹಾಗೆ ಹಿಡಿದಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರ್ ಕೂಡ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಹತ್ತು ನಿಮಿಷ ಗೇಮ್ ಓಡಿಸಿ ಬಿಸಿ ಮಾಡಿ. ಆಮೇಲೆ ಆಫ್ ಮಾಡಿ, ಪ್ಲಗ್ ತೆಗೆದು, ಸ್ಕ್ರೂ ಬಿಚ್ಚಿ, ಕೂಲರನ್ನು ಮೆಲ್ಲ ಅತ್ತ ಇತ್ತ ತಿರುಗಿಸಿ. ಸಡಿಲಾದ ಮೇಲೆ ಎತ್ತಿ. ನಾವು ಹಾಗೇ ಮಾಡಿದೆವು. ಒಳಗಿನ ಪೇಸ್ಟ್ ಒಣಗಿದ ಸುಣ್ಣದ ಹಾಗೆ ಪುಡಿಪುಡಿಯಾಗಿ ಉದುರಿತು. ಒರೆಸಿ, ನಡುವಿಗೆ ಕಡಲೆ ಗಾತ್ರದ ಹೊಸ ಪೇಸ್ಟ್ ಹಾಕಿ ಕೂರಿಸಿದೆವು.

"ಇಲ್ಲಿ ವೋಲ್ಟೇಜ್ ಕಡಿಮೆ, ಅದಕ್ಕೇ ಎಫ್‌ಪಿಎಸ್ ಬೀಳುದು" ಅನ್ನುವ ಮಾತೂ ಕೇಳಿದ್ದೇನೆ. ಡೆಸ್ಕ್‌ಟಾಪಿನಲ್ಲಿ ಹಾಗಾಗುವುದಿಲ್ಲ. ಕರೆಂಟ್ ಏರಿಳಿದರೂ ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) ಒಳಗೆ ಒಂದೇ ಸಮನಾಗಿ ಕೊಡುತ್ತದೆ. ಕೊಡಲು ಆಗದಿದ್ದರೆ ಪಿಸಿ ಆಫ್ ಆಗುತ್ತದೆ, ಇಲ್ಲವೇ ರೀಸ್ಟಾರ್ಟ್ ಆಗುತ್ತದೆ. ಜೋರು ಆಟದ ನಡುವೆ ಹಾಗಾದರೆ ಎಸ್‌ಎಂಪಿಎಸ್ ನೋಡಿಸಿ. ಲ್ಯಾಪ್‌ಟಾಪ್ ಬೇರೆ. ಬ್ಯಾಟರಿಯಲ್ಲಿ ಓಡಿಸಿದರೆ ಎಫ್‌ಪಿಎಸ್ ಖಂಡಿತ ಬೀಳುತ್ತದೆ. ಕಡಿಮೆ ವ್ಯಾಟ್‌ನ ಬದಲಿ ಚಾರ್ಜರ್ ಹಾಕಿದರೂ ಬೀಳುತ್ತದೆ.

ಆಗಾಗ ಮಾತ್ರ ಎಡವಿದರೆ

ವಿರ‍್ಯಾಮ್ ತುಂಬಿ ತುಳುಕುವುದು ಒಂದು ಕಾರಣ. 4 ಜಿಬಿ, 6 ಜಿಬಿ ಕಾರ್ಡುಗಳಲ್ಲಿ ಇದು ಜಾಸ್ತಿ. ಕಾರ್ಡಿನೊಳಗೆ ಜಾಗ ಸಾಲದಿದ್ದರೆ ಉಳಿದದ್ದು ಮುಖ್ಯ ರ‍್ಯಾಮಿಗೆ ಹೋಗುತ್ತದೆ, ಅಲ್ಲಿಂದ ತರುವಷ್ಟರಲ್ಲಿ ಫ್ರೇಮ್ ತಡವಾಗುತ್ತದೆ. ಇದಕ್ಕೆ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಒಂದು ಮೆಟ್ಟಿಲು ಇಳಿಸಿ. ವಿರ‍್ಯಾಮ್‌ನಲ್ಲಿ ಜಾಗ ಇದ್ದರೆ ಟೆಕ್ಸ್ಚರ್ ಹೈ ಇಟ್ಟರೂ ಎಫ್‌ಪಿಎಸ್‌ಗೆ ಅಷ್ಟೇನೂ ಪೆಟ್ಟಿಲ್ಲ, ಆಗ ಅದನ್ನು ಇಳಿಸಿ ಚಿತ್ರ ಕೆಡಿಸಿಕೊಳ್ಳಬೇಡಿ. ಕಾರ್ಡಿನ ಹೊರೆ ನಿಜವಾಗಿ ಇಳಿಯಬೇಕಿದ್ದರೆ ನೆರಳು, ಮಂಜು, ರೇ ಟ್ರೇಸಿಂಗ್ (ಬೆಳಕಿನ ದಾರಿಯ ಲೆಕ್ಕ) ಇಳಿಸಿ, ಅಥವಾ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ (ಸಣ್ಣದಾಗಿ ಬಿಡಿಸಿ ದೊಡ್ಡದು ಮಾಡುವ ಸೆಟ್ಟಿಂಗ್) ಹಾಕಿ. ತಡೆ ಸಿಪಿಯು ಆಗಿದ್ದರೆ ಜನಸಂದಣಿ, ಎಷ್ಟು ದೂರದವರೆಗೆ ಕಾಣಬೇಕು ಎಂಬ ಸೆಟ್ಟಿಂಗ್‌ಗಳನ್ನು ಇಳಿಸಿ.

ಗೇಮ್ ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದರೆ ಎಸ್‌ಎಸ್‌ಡಿಗೆ ಹಾಕಿ. ಓಪನ್ ವರ್ಲ್ಡ್ ಆಟಗಳಲ್ಲಿ ಹೊಸ ಜಾಗಕ್ಕೆ ಕಾಲಿಟ್ಟಾಗಲೆಲ್ಲ ನಿಲ್ಲುವುದು ಹೆಚ್ಚಾಗಿ ಇದರಿಂದಲೇ.

ಮತ್ತೊಂದು ಶೇಡರ್. ಬೆಂಕಿ, ನೀರು, ಹೊಗೆ ಹೇಗೆ ಕಾಣಬೇಕು ಎಂಬ ಸೂಚನೆಗಳನ್ನು ನಿಮ್ಮ ಕಾರ್ಡಿಗೆ ಅರ್ಥವಾಗುವ ರೂಪಕ್ಕೆ ತರಬೇಕು. ಕೆಲವು ಗೇಮ್‌ಗಳು ಇದನ್ನು ಶುರುವಿನಲ್ಲೇ ಮಾಡುತ್ತವೆ. ಆಗ "ಕಂಪೈಲಿಂಗ್ ಶೇಡರ್ಸ್" ಎಂದು ಬರುತ್ತದೆ. ಸ್ಕಿಪ್ ಮಾಡದೆ ಕಾಯಿರಿ. ಕೆಲವು ಗೇಮ್‌ಗಳು ಆಡುವಾಗಲೇ ಮಾಡುತ್ತವೆ, ಮೊದಲ ಸಲ ಬಾಂಬ್ ಸಿಡಿದಾಗ ಒಮ್ಮೆ ಎಡವುತ್ತವೆ. ಎರಡನೇ ಸಲ ಅದೇ ಜಾಗದಲ್ಲಿ ಎಡವುವುದಿಲ್ಲ. ಡ್ರೈವರ್ ಅಪ್‌ಡೇಟ್ ಆದ ಮೇಲೆ ಇದೆಲ್ಲ ಮತ್ತೆ ಮೊದಲಿನಿಂದ ನಡೆಯುತ್ತದೆ. "ಹೊಸ ಡ್ರೈವರ್ ಸರಿ ಇಲ್ಲ" ಎಂದು ಮೊದಲ ಮ್ಯಾಚಿಗೇ ಹೇಳಬೇಡಿ, ಒಂದು ದಿನ ಆಡಿ ನೋಡಿ.

ಬ್ಯಾಕ್‌ಗ್ರೌಂಡಿನಲ್ಲಿ ಓಡುವ ಬ್ರೌಸರ್, ರೆಕಾರ್ಡಿಂಗ್, ವೈರಸ್ ಸ್ಕ್ಯಾನ್ ನಿಲ್ಲಿಸಿ. ಆದರೆ "ಎಫ್‌ಪಿಎಸ್ ಬೂಸ್ಟರ್" ಎಂದು ಸಿಗುವ ಪ್ರೋಗ್ರಾಂಗಳನ್ನು ದಯವಿಟ್ಟು ಹಾಕಬೇಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೀವೇ ಮಾಡಬಹುದಾದ ಕೆಲಸಕ್ಕೆ ಗೊತ್ತಿಲ್ಲದ ಪ್ರೋಗ್ರಾಂ ಕೈಗೆ ಪಿಸಿಯ ಬೀಗದ ಕೈ ಯಾಕೆ ಕೊಡಬೇಕು?

ಕಟಪಾಡಿಯಲ್ಲಿ ಸಂಜೆ ಆರಕ್ಕೆ ಪ್ಯಾನೆಲ್ ಮುಚ್ಚಿದೆವು. ರ‍್ಯಾಮ್ 2 ಮತ್ತು 4ನೇ ಸ್ಲಾಟಿಗೆ ಬಂದಿತ್ತು, 3200ರಲ್ಲಿ ಓಡುತ್ತಿತ್ತು. ಸಿಪಿಯು 93ರಿಂದ 79ಕ್ಕೆ ಇಳಿದಿತ್ತು. ಅದೇ ಗೇಮ್, ಅದೇ ಬೀದಿ, ಮೂರು ಸುತ್ತು. ಸರಾಸರಿ 84, 1 ಪರ್ಸೆಂಟ್ ಲೋ 58. ಫ್ರೇಮ್ ಟೈಮ್ ಗೆರೆ ಹೆಚ್ಚುಕಡಿಮೆ ನೇರ. ಖರ್ಚಾದದ್ದು ಪೇಸ್ಟಿನ ಒಂದು ಟ್ಯೂಬ್.

ಸೋದರಳಿಯ ಪರದೆಯ ಮೂಲೆಗೆ ಬೆರಳಿಟ್ಟ. "ಮಾಮ, ಜಿಪಿಯು ಈಗ 97 ತೋರಿಸ್ತಾ ಉಂಟು."

"ಹೌದು, ಈಗ ಕಾರ್ಡ್ ಪೂರ್ತಿ ಕೆಲಸ ಮಾಡ್ತಾ ಉಂಟು. ಇದಕ್ಕಿಂತ ಜಾಸ್ತಿ ಬೇಕೂಂತ ಕಂಡ್ರೆ, ಆಗ ಕಾರ್ಡಿನ ವಿಷಯ ಮಾತಾಡುವ" ಅಂದೆ. ಅವನು ಫ್ರೇಮ್ ಲಿಮಿಟ್ 75ಕ್ಕೆ ಹಾಕಿ ಆಡಲು ಕೂತ.